ಈಜುಕೊಳದ ಉಪ್ಪು ಮತ್ತು ಹತ್ತನೆಯ ತರಗತಿಯ ಪಾಠ



ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ಈಜುಕೊಳದ ಯಂತ್ರದ ಬಗೆಗೆ ಬರೆಯಹೊರಟಿರುವುದನ್ನು ಕಂಡು ನಿಮ್ಮಲ್ಲಿ ಕೆಲವರಾದರೂ ನಕ್ಕಿರಬಹುದು. ನಮ್ಮ ಪೀಳಿಗೆಗೆ ಈಜು ಎಂದರೆ ಹಳ್ಳದ ಗುಂಡಿ, ಊರ ಕೆರೆ, ಇಲ್ಲವೇ ಮನೆಯವರ ಕಣ್ಣು ತಪ್ಪಿಸಿ ಇಳಿದ ತೋಟದ ಬಾವಿ. ಅಲ್ಲಿ ಯಂತ್ರವೂ ಇರಲಿಲ್ಲ, ಟಿಕೆಟ್ಟೂ ಇರಲಿಲ್ಲ. ಈಗ ಕಾಲ ಬೇರೆಯಾಗಿದೆ. ದಾಂಡೇಲಿಯಿಂದ ಗಣೇಶಗುಡಿಯವರೆಗೆ, ಅಲ್ಲಿಂದ ಜೋಯಿಡಾದ ಒಳಹಳ್ಳಿಗಳವರೆಗೆ ರೆಸಾರ್ಟುಗಳೂ ಹೋಮ್‌ಸ್ಟೇಗಳೂ ಬೆಳೆದಿವೆ. ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಲು ಬರುವ ಪ್ರವಾಸಿಗರು ಸಂಜೆಯ ಹೊತ್ತಿಗೆ ಕೊಳದ ನೀಲಿ ನೀರನ್ನೂ ಬಯಸುತ್ತಾರೆ. ಆ ನೀರನ್ನು ನೀಲಿಯಾಗಿ ಉಳಿಸುವ ಹೊಣೆ ಹೊತ್ತವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ.

ಅವರಿಂದ ಆಗಾಗ ದೂರವಾಣಿ ಕರೆ ಬರುತ್ತದೆ. "ಸರ್, ಎರಡು ಚೀಲ ಉಪ್ಪು ಹಾಕಿದೆ, ಮಶೀನು ಇನ್ನೂ ಉಪ್ಪು ಕಡಿಮೆ ಅಂತನೇ ತೋರಸ್ತದೆ" ಎಂದು ಒಬ್ಬ. "ಸರ್, ಹಸಿರು ಲೈಟು ಉರೀತಾ ಇದೆ, ನೀರೂ ಹಸಿರಾಗ್ಯದೆ" ಎಂದು ಇನ್ನೊಬ್ಬ. ಈ ಎರಡನೆಯವನ ಮಾತು ಕೇಳಿ ನಕ್ಕೆನಾದರೂ, ಆ ಕೊಳದಲ್ಲಿ ಅಂದು ಮಕ್ಕಳು ಇಳಿದಿದ್ದರೆಂದು ತಿಳಿದಾಗ ನಗು ನಿಂತಿತು. ಇಂಥ ಕರೆಗಳಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಒಂದೆಡೆ ಬರೆದಿಡೋಣವೆಂದು ಕುಳಿತಿದ್ದೇನೆ. ಜೊತೆಗೆ ನನ್ನದೊಂದು ಅಭಿಪ್ರಾಯವೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಂತ್ರವು ಕ್ಲೋರಿನ್ ತಯಾರಿಸಬಲ್ಲುದೇ ಹೊರತು ನೀರನ್ನು ಕಾಯಲಾರದು. ನೀರನ್ನು ಕಾಯುವವನು ಮನುಷ್ಯ. ಲಕ್ಷಗಟ್ಟಲೆ ರೂಪಾಯಿ ಸುರಿದು ಕೊಳ ಕಟ್ಟಿಸಿದ ಮಾಲೀಕರು ಆ ಮನುಷ್ಯನಿಗೆ ನೀರು ಪರೀಕ್ಷಿಸುವ ಕಿಟ್ಟನ್ನೂ, ಅದನ್ನು ಬಳಸುವ ಅರಿವನ್ನೂ, ನೀರು ಸರಿಯಿಲ್ಲದ ದಿನ ಕೊಳವನ್ನು ಮುಚ್ಚುವ ಅಧಿಕಾರವನ್ನೂ ಕೊಡಬೇಕು. ಇವು ಮೂರೂ ಇಲ್ಲದಿದ್ದರೆ ಎಷ್ಟೇ ಬೆಲೆಯ ಯಂತ್ರವಿದ್ದರೂ ಆ ಕೊಳಕ್ಕೆ ನನ್ನ ಮೊಮ್ಮಕ್ಕಳನ್ನು ಇಳಿಸಲು ನಾನು ಒಪ್ಪಲಾರೆ.

"ನಮ್ಮ ಕೊಳದಲ್ಲಿ ಕ್ಲೋರಿನ್ ಇಲ್ಲ, ಬರೀ ಉಪ್ಪುನೀರು" ಎಂದು ಅತಿಥಿಗಳಿಗೆ ಹೇಳುವ ಪರಿಪಾಠ ಕೆಲವೆಡೆ ಇದೆ. ಇದು ಶುದ್ಧ ತಪ್ಪು. ಉಪ್ಪುನೀರಿನ ಕೊಳವೆಂದರೆ ಕ್ಲೋರಿನ್ ಕೊಳವೇ. ವ್ಯತ್ಯಾಸವಿಷ್ಟೆ: ಬೇರೆ ಕೊಳಗಳಿಗೆ ಕ್ಲೋರಿನ್ ಡಬ್ಬಿಯಲ್ಲಿ ಬರುತ್ತದೆ, ಇಲ್ಲಿ ಅದು ಸ್ಥಳದಲ್ಲೇ ತಯಾರಾಗುತ್ತದೆ. ಈಗಿನ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಆಮ್ಲ, ಪ್ರತ್ಯಾಮ್ಲ ಮತ್ತು ಲವಣಗಳ ಪಾಠವಿದೆಯಷ್ಟೆ? ಅದರಲ್ಲಿ ಬರುವ ಕ್ಲೋರ್-ಆಲ್ಕಲಿ ಪ್ರಕ್ರಿಯೆಯೇ ಇದು. ಉಪ್ಪಿನ ದ್ರಾವಣದ ಮೂಲಕ ವಿದ್ಯುತ್ತನ್ನು ಹಾಯಿಸಿದರೆ ಆನೋಡಿನಲ್ಲಿ ಕ್ಲೋರಿನ್, ಕ್ಯಾಥೋಡಿನಲ್ಲಿ ಹೈಡ್ರೋಜನ್, ದ್ರಾವಣದಲ್ಲಿ ಸೋಡಿಯಂ ಹೈಡ್ರಾಕ್ಸೈಡ್. ಕಾರವಾರದ ಹತ್ತಿರ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆಯಿರುವುದು ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತು. ಅಲ್ಲಿ ಬೃಹತ್ ಪ್ರಮಾಣದಲ್ಲಿ ನಡೆಯುವ ಕ್ರಿಯೆಯೇ ಜೋಯಿಡಾದ ಕಾಡಿನಂಚಿನ ಕೊಳದ ಪಕ್ಕದ ಶೆಡ್ಡಿನಲ್ಲಿ ಮೊಳದುದ್ದದ ಕೊಳವೆಯೊಳಗೆ ನಡೆಯುತ್ತದೆ. ಕಾರ್ಖಾನೆಯಲ್ಲಿ ಕ್ಲೋರಿನ್ನನ್ನೂ ಕಾಸ್ಟಿಕ್ ಸೋಡಾವನ್ನೂ ಬೇರ್ಪಡಿಸಿ ಇಡುತ್ತಾರೆ. ಇಲ್ಲಿ ಅವೆರಡೂ ಅಲ್ಲೇ ಕೂಡಿ ಸೋಡಿಯಂ ಹೈಪೋಕ್ಲೋರೈಟ್ ಆಗಿ ನೀರಿಗೆ ಸೇರುತ್ತದೆ. ಅದು ರೋಗಾಣುಗಳನ್ನು ಕೊಂದು ಮರಳಿ ಉಪ್ಪಾಗುತ್ತದೆ. ಆದ್ದರಿಂದಲೇ ಒಮ್ಮೆ ಹಾಕಿದ ಉಪ್ಪು ಬಹುಕಾಲ ಬಾಳುತ್ತದೆ. ಉಪ್ಪು ಆವಿಯಾಗಿ ಹೋಗುವ ವಸ್ತುವಲ್ಲ. ಕೊಳದ ನೀರು ಹೊರಗೆ ಹೋದರೆ ಮಾತ್ರ ಅದು ಹೋಗುತ್ತದೆ. ಈ ಒಂದು ಮಾತನ್ನು ನೆನಪಿಟ್ಟರೆ ಅರ್ಧ ಸಮಸ್ಯೆ ಬಗೆಹರಿದಂತೆ.

ಲೆಕ್ಕ ನೋಡೋಣ. 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳವೆಂದರೆ 60 ಘನ ಮೀಟರ್, ಅಂದರೆ 60 ಸಾವಿರ ಲೀಟರ್ ನೀರು. ಬಹುತೇಕ ಯಂತ್ರಗಳಿಗೆ ಲೀಟರಿಗೆ 3ರಿಂದ 4 ಗ್ರಾಂ ಉಪ್ಪು ಸಾಕು. ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಇರುತ್ತದೆ. ನಮ್ಮ ಕಣ್ಣೀರಿನಲ್ಲಿ ಸುಮಾರು 9 ಗ್ರಾಂ. ಆದ್ದರಿಂದ ಈ ನೀರು ನಾಲಗೆಗೆ ಬಹಳ ಉಪ್ಪೆನಿಸುವುದಿಲ್ಲ. ಲೀಟರಿಗೆ 4 ಗ್ರಾಂನಂತೆ ಮೊದಲ ಸಲ 240 ಕಿಲೋ ಬೇಕು. 25 ಕಿಲೋದ ಚೀಲಗಳಾದರೆ ಹತ್ತಕ್ಕೆ ಸ್ವಲ್ಪ ಕಡಿಮೆ. ಸಾಣಿಕಟ್ಟಾದ ಉಪ್ಪು ನಮ್ಮ ಮಾವಿನಮಿಡಿ ಉಪ್ಪಿನಕಾಯಿಗೆ ಶ್ರೇಷ್ಠವೆಂದು ನಾನು ಯಾರೊಡನೆ ಬೇಕಾದರೂ ವಾದಿಸುತ್ತೇನೆ. ಆದರೆ ಯಂತ್ರಕ್ಕೆ ಅದು ಬೇಡ. ಗದ್ದೆಯ ಹರಳುಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಮಣ್ಣಿನ ಅಂಶಗಳೂ ಇರುತ್ತವೆ. ಅವು ಸೆಲ್ಲಿನ ಫಲಕಗಳ ಮೇಲೆ ಕೂರುತ್ತವೆ, ಕೊಳದ ತಳದಲ್ಲಿ ಕಲೆ ಮಾಡುತ್ತವೆ. ಅಡುಗೆಯ ಅಯೋಡಿನ್ ಉಪ್ಪೂ ಬೇಡ. ಅಯೋಡಿನ್ನೂ ಗಟ್ಟಿಗಟ್ಟದಂತೆ ಸೇರಿಸುವ ಪದಾರ್ಥಗಳೂ ಇಲ್ಲದ, ಶೇಕಡ 99ಕ್ಕಿಂತ ಶುದ್ಧವಾದ ಉಪ್ಪನ್ನೇ ಕೇಳಿ ತರಿಸಬೇಕು.

ಇನ್ನು ಮೊದಲ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಹೆಚ್ಚು ಹಾನಿ ನಡೆಯುತ್ತಿರುವುದು ಇಲ್ಲಿಯೇ. ಉಪ್ಪು ಕಡಿಮೆ ಎಂದು ಸೂಚಿಸುವ ಯಂತ್ರ ಬಹುಪಾಲು ಉಪ್ಪನ್ನು ನೇರವಾಗಿ ಅಳೆಯುವುದೇ ಇಲ್ಲ. ಅದು ಅಳೆಯುವುದು ಫಲಕಗಳ ನಡುವೆ ಹರಿಯುವ ವಿದ್ಯುತ್ ಪ್ರವಾಹವನ್ನು. ಪ್ರವಾಹ ಕಡಿಮೆಯಾದರೆ ಉಪ್ಪು ಕಡಿಮೆಯಿರಬೇಕು ಎಂದು ಅದು ಊಹಿಸುತ್ತದೆ. ಆದರೆ ಪ್ರವಾಹ ಕಡಿಮೆಯಾಗಲು ಬೇರೆ ಕಾರಣಗಳೂ ಇವೆ. ಫಲಕಗಳ ಮೇಲೆ ಸುಣ್ಣ ಕಟ್ಟಿರಬಹುದು. ಸೆಲ್ ಹಳೆಯದಾಗಿ ಸವೆದಿರಬಹುದು. ತಂತಿಯ ತುದಿಗೆ ಕಿಲುಬು ಹಿಡಿದಿರಬಹುದು. ನೀರು ತಣ್ಣಗಾಗಿರಬಹುದು. ಉಪ್ಪುನೀರಿನ ವಿದ್ಯುದ್ವಾಹಕತೆ ಒಂದು ಡಿಗ್ರಿ ಸೆಲ್ಸಿಯಸ್ ಇಳಿದಂತೆ ಶೇಕಡ 2ರಷ್ಟು ಇಳಿಯುತ್ತದೆ. ಮೇ ತಿಂಗಳಲ್ಲಿ 28 ಡಿಗ್ರಿಯಿದ್ದ ನೀರು ಡಿಸೆಂಬರ್ ಬೆಳಗಿನಲ್ಲಿ 18 ಡಿಗ್ರಿಗೆ ಬಂದರೆ ಅದೇ ಉಪ್ಪಿಗೆ ಪ್ರವಾಹ ಐದರಲ್ಲೊಂದು ಪಾಲು ಕುಗ್ಗುತ್ತದೆ. ಉಷ್ಣತೆಯನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಯಂತ್ರ ಆಗ ಉಪ್ಪು ಕೇಳುತ್ತದೆ.

ಒಂದು ರೆಸಾರ್ಟಿನಲ್ಲಿ, ಹೆಸರು ಬೇಡ, ದೀಪ ಹತ್ತಿದಾಗಲೆಲ್ಲ ಒಂದು ಚೀಲ ಸುರಿಯಬೇಕೆಂದು ನನ್ನ ವಿದ್ಯಾರ್ಥಿಗೆ ಆಜ್ಞೆಯಾಗಿತ್ತು. ಅವನು ಆಜ್ಞೆ ಪಾಲಿಸಿದ. ಕೊನೆಗೆ ಬೇರೆಯೇ ಮಾಪಕದಿಂದ ಅಳೆದಾಗ ಲೀಟರಿಗೆ 6 ಗ್ರಾಂ ದಾಟಿತ್ತು. ಕೊಳಕ್ಕಿಳಿಯುವ ಉಕ್ಕಿನ ಏಣಿಗೆ ತುಕ್ಕಿನ ಚುಕ್ಕೆಗಳು ಬಂದಿದ್ದವು. ಸೆಲ್ ಬಿಚ್ಚಿ ನೋಡಿದರೆ ಫಲಕಗಳ ನಡುವೆ ಸುಣ್ಣದ ಬಿಳಿ ಪದರ ಗಟ್ಟಿಯಾಗಿ ಕುಳಿತಿತ್ತು. ಬೇಕಾಗಿದ್ದುದು ಹತ್ತು ನಿಮಿಷದ ಶುದ್ಧೀಕರಣ, ಸುರಿದದ್ದು ಚೀಲಗಟ್ಟಲೆ ಉಪ್ಪು. ಹೆಚ್ಚಾದ ಉಪ್ಪನ್ನು ತೆಗೆಯಲು ನೀರನ್ನು ಹೊರಗೆ ಬಿಡದೆ ಬೇರೆ ಸುಲಭದ ದಾರಿಯಿಲ್ಲ. ಹುಡುಗನನ್ನು ಬೈದರಂತೆ. ಅವನ ಕೈಗೆ ಉಪ್ಪು ಅಳೆಯುವ ಮಾಪಕವನ್ನು ಯಾರೂ ಕೊಟ್ಟಿರಲಿಲ್ಲ ಎಂಬುದನ್ನು ಬೈದವರು ಮರೆತರು.

ಆದ್ದರಿಂದ ಯಂತ್ರ ಏನೇ ಹೇಳಲಿ, ಮೊದಲು ನೀರನ್ನು ಬೇರೆಯಾಗಿ ಪರೀಕ್ಷಿಸಬೇಕು: ಕ್ಲೋರಿನ್ ಎಷ್ಟು, ಪಿಎಚ್ ಎಷ್ಟು, ಉಪ್ಪು ಎಷ್ಟು. ಅನಂತರ ನೀರಿನ ಹರಿವು. ನಮ್ಮ ಕಡೆಯ ಕೊಳಗಳಿಗೆ ಸಾಗವಾನಿಯ ಎಲೆ, ಬಿದಿರಿನ ಸೊಪ್ಪು ಬಿದ್ದು ಪಂಪಿನ ಮುಂದಿನ ಬುಟ್ಟಿ ತುಂಬಿರುತ್ತದೆ; ಮರಳಿನ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ಹರಿವು ಸಾಲದಿದ್ದರೆ ಯಂತ್ರ ತಾನಾಗಿ ನಿಲ್ಲುತ್ತದೆ, ನಿಲ್ಲಲೇಬೇಕು. ಹರಿವನ್ನು ಗಮನಿಸುವ ಸ್ವಿಚ್ಚು ತೊಂದರೆ ಕೊಡುತ್ತದೆಂದು ಅದಕ್ಕೆ ತಂತಿ ಸುತ್ತಿ ಯಂತ್ರವನ್ನು ಓಡಿಸುವ ಚಾಲಾಕಿತನವನ್ನು ಯಾರೂ ಮಾಡಕೂಡದು. ಕ್ಯಾಥೋಡಿನಲ್ಲಿ ಹುಟ್ಟುವ ಹೈಡ್ರೋಜನ್ನನ್ನು ಹರಿಯುವ ನೀರು ಹೊತ್ತೊಯ್ಯುತ್ತದೆ. ನೀರು ನಿಂತರೆ ಅನಿಲ ಕೊಳವೆಯಲ್ಲೇ ಶೇಖರವಾಗುತ್ತದೆ. ಪ್ರಯೋಗಾಲಯದಲ್ಲಿ ಪ್ರನಾಳದ ಬಾಯಿಗೆ ಉರಿಯುವ ಕಡ್ಡಿ ಹಿಡಿದಾಗ ಆದ 'ಪಟ್' ಶಬ್ದ ನಿಮಗೆಲ್ಲ ನೆನಪಿದೆಯಲ್ಲ? ಒಂದು ಪ್ರನಾಳದ ಅನಿಲಕ್ಕೆ ಅಷ್ಟು ಸದ್ದು. ಹರಿವು ಸರಿಯಿದ್ದರೆ ಮೂರನೆಯದಾಗಿ ಫಲಕಗಳನ್ನು ನೋಡಿ. ಸೆಲ್ಲಿನ ಹೊರಕವಚ ಪಾರದರ್ಶಕವಾಗಿದ್ದರೆ ಯಂತ್ರ ನಡೆಯುವಾಗ ಒಳಗೆ ಹಾಲಿನಂಥ ಗುಳ್ಳೆಗಳ ಮೋಡ ಕಾಣಬೇಕು. ಕಂಡರೆ ಕ್ರಿಯೆ ನಡೆಯುತ್ತಿದೆ ಎಂದರ್ಥ. ಎಲ್ಲವನ್ನೂ ನೋಡಿದ ಮೇಲಷ್ಟೇ ಗೋಡೆಯ ಮೇಲಿನ ನಿಯಂತ್ರಣ ಪೆಟ್ಟಿಗೆಯ ಮೇಲೆ ಸಂಶಯಪಡಬೇಕು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ನಂತರ ಮಾತ್ರ ಆ ಸಂಶಯ ಸ್ವಲ್ಪ ಮೊದಲೇ ಬರಲಿ. ಸಿಡಿಲಿಗೆ ಸುಟ್ಟುಹೋಗುವುದು ಆ ಪೆಟ್ಟಿಗೆಯೇ. ಪೆಟ್ಟಿಗೆ ಬಿಚ್ಚುವುದು ವಿದ್ಯುತ್ ಕೆಲಸ ಬಲ್ಲವರ ಪಾಲಿಗಿರಲಿ.

ಸುಣ್ಣದ ಮಾತು ಬಂತು. ನಮ್ಮ ನಾಲ್ಕು ತಾಲೂಕುಗಳ ನೀರು ಒಂದೇ ತೆರನಲ್ಲ. ಜೋಯಿಡಾದ ಘಟ್ಟದಂಚಿನ ಹಳ್ಳ, ಝರಿಗಳ ನೀರು ಮೆದು. ಹಳಿಯಾಳ, ಮುಂಡಗೋಡಗಳು ಬಯಲುಸೀಮೆಗೆ ಹೊಂದಿಕೊಂಡ ನೆಲ. ಅಲ್ಲಿ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಸ್ನಾನದ ನೀರು ಕಾಯಿಸುವ ಹಂಡೆಯಲ್ಲಿ ಬಿಳಿ ಚಕ್ಕೆ ಕಟ್ಟುವ ಊರಿನಲ್ಲಿ ಕ್ಲೋರಿನೇಟರಿನ ಕ್ಯಾಥೋಡಿನ ಮೇಲೂ ಬೇಗ ಸುಣ್ಣ ಕಟ್ಟುತ್ತದೆ. ಕ್ಯಾಥೋಡಿನ ಸುತ್ತ ಕ್ಷಾರೀಯತೆ ಹೆಚ್ಚಾಗುವುದರಿಂದ ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಹೊರಬೀಳುತ್ತದೆ. ಇದನ್ನು ತಡೆಯಲೆಂದೇ ಈಗಿನ ಯಂತ್ರಗಳು ಕೆಲವು ಗಂಟೆಗಳಿಗೊಮ್ಮೆ ಧನ-ಋಣ ಧ್ರುವಗಳನ್ನು ಅದಲುಬದಲು ಮಾಡುತ್ತವೆ. ಆದರೂ ಗಡಸು ನೀರಿನ ಊರಿನಲ್ಲಿ ತಿಂಗಳಿಗೊಮ್ಮೆಯಾದರೂ ಬಿಚ್ಚಿ ನೋಡುವುದು ಒಳಿತು. ಮೆದು ನೀರಿನವರು ಬೀಗಬೇಕಾಗಿಲ್ಲ. ತೀರಾ ಮೆದುವಾದ ನೀರು ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಕೊಳದ ಟೈಲ್ಸುಗಳ ನಡುವಿನ ಸಿಮೆಂಟಿನಿಂದ ಕಿತ್ತುಕೊಳ್ಳುತ್ತದೆ. ದಾಂಡೇಲಿಯ ಒಂದು ಕೊಳಕ್ಕೆ ಹೇಳಿದ ವೇಳಾಪಟ್ಟಿಯನ್ನು ಮುಂಡಗೋಡದಲ್ಲಿ ಹಾಗೆಯೇ ಅನುಸರಿಸಿದರೆ ನಡೆಯದು.

ಫಲಕಗಳು ಟೈಟೇನಿಯಂನವು, ಅವುಗಳ ಮೇಲೆ ರುಥೇನಿಯಂ, ಇರಿಡಿಯಂ ಆಕ್ಸೈಡುಗಳ ಅತಿ ತೆಳು ಲೇಪನವಿರುತ್ತದೆ. ಯಂತ್ರದ ಬೆಲೆಯ ದೊಡ್ಡ ಪಾಲು ಆ ಲೇಪನದ್ದೇ. ಚಾಕು, ತಂತಿಬ್ರಷ್ಷುಗಳಿಂದ ಕೆರೆದರೆ ಸುಣ್ಣದೊಡನೆ ಲೇಪನವೂ ಹೋಗುತ್ತದೆ. ಆಸಿಡ್ಡಿನಲ್ಲಿ ಪದೇ ಪದೇ ಅದ್ದಿದರೂ ಆಯುಷ್ಯ ಕಡಿಮೆಯಾಗುತ್ತದೆ. ಸುಣ್ಣ ಕಂಡರೆ ಮಾತ್ರ ತೊಳೆಯಬೇಕು. ವಿದ್ಯುತ್ ಬಂದ್ ಮಾಡಿ, ಸೆಲ್ ಬಿಚ್ಚಿ, ಮೊದಲು ನೀರಿನ ಪೈಪಿನಿಂದ ಜೋರಾಗಿ ತೊಳೆದು ನೋಡಿ. ಹೋಗದಿದ್ದರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹತ್ತು ಪಾಲು ನೀರಿಗೆ ಒಂದು ಪಾಲು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ ಫಲಕಗಳನ್ನಷ್ಟೇ ಮುಳುಗಿಸಿ. ನೊರೆ ಬರುವುದು ನಿಂತಿತೆಂದರೆ ಸುಣ್ಣ ಕರಗಿತೆಂದು ಅರ್ಥ. ಹತ್ತು-ಹದಿನೈದು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ.

ಇಲ್ಲಿ ಮಾಸ್ತರಿಕೆಯ ಧ್ವನಿ ಏರಿದರೆ ಕ್ಷಮಿಸಿ. ನೀರಿಗೆ ಆಮ್ಲವನ್ನು ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ಈ ವಾಕ್ಯವನ್ನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಸುತ್ತಿದ್ದೆ. ಕನ್ನಡಕ, ರಬ್ಬರಿನ ಕೈಗವಸು, ಗಾಳಿಯಾಡುವ ಜಾಗ ಇರಲೇಬೇಕು. ನಾನು ಕಂಡಂತೆ ಹುಡುಗರು ಬರಿಗೈಯಲ್ಲಿ, ಹವಾಯಿ ಚಪ್ಪಲಿಯಲ್ಲಿ ಈ ಕೆಲಸ ಮಾಡುತ್ತಾರೆ; ಅಷ್ಟೇ ಅಲ್ಲ, ಆಸಿಡ್ ಕ್ಯಾನಿನ ಪಕ್ಕದಲ್ಲಿಯೇ ಚೆಲುವೆ ಪುಡಿಯ ಡಬ್ಬವನ್ನೂ ಇಟ್ಟಿರುತ್ತಾರೆ. ಆಮ್ಲವೂ ಚೆಲುವೆ ಪುಡಿಯೂ ಕೂಡಿದರೆ ಬರುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಮಳೆಗಾಲದಲ್ಲಿ ಸೋರುವ ಒಂದೇ ಕೋಣೆಯಲ್ಲಿ ಇವೆರಡನ್ನೂ ಇಡುವುದು ಬುದ್ಧಿವಂತಿಕೆಯಲ್ಲ. ಬೇರೆ ಬೇರೆ ಬಗೆಯ ಕ್ಲೋರಿನ್ ಪುಡಿ-ಮಾತ್ರೆಗಳನ್ನು ಒಂದೇ ಡಬ್ಬದಲ್ಲಿ ಬೆರೆಸಿಡುವುದೂ ಅಪಾಯ. ಅವು ಬೆಂಕಿ ಹೊತ್ತಿಕೊಳ್ಳಬಲ್ಲವು, ಸಿಡಿಯಲೂಬಹುದು. ಕೈಗವಸು, ಕನ್ನಡಕಗಳ ಬೆಲೆ ಒಬ್ಬ ಅತಿಥಿಯ ಒಂದು ಊಟದ ಬೆಲೆಗಿಂತ ಹೆಚ್ಚಲ್ಲ. ಮಾಲೀಕರೇ ಓದುತ್ತಿದ್ದರೆ ದಯವಿಟ್ಟು ನಾಳೆಯೇ ತರಿಸಿಕೊಡಿ.

ಹಸಿರು ದೀಪವಿದ್ದೂ ನೀರು ಹಸಿರಾದದ್ದು ಹೇಗೆ? ಇದಕ್ಕೆ ಉತ್ತರ ಹೆಚ್ಚಾಗಿ ಗುಣಾಕಾರದಲ್ಲಿದೆ. ಬಿಸಿಲಿಗೆ ತೆರೆದ, ಜನ ಇಳಿಯುವ ಕೊಳದಲ್ಲಿ ದಿನಕ್ಕೆ ಲೀಟರಿಗೆ 3 ಮಿಲಿಗ್ರಾಂ ಕ್ಲೋರಿನ್ ಖರ್ಚಾಗುತ್ತದೆಂದು ಇಟ್ಟುಕೊಳ್ಳಿ. 60 ಸಾವಿರ ಲೀಟರಿಗೆ 180 ಗ್ರಾಂ ಆಯಿತು. ಸೆಲ್ಲಿನ ಮೇಲೆ ಗಂಟೆಗೆ 20 ಗ್ರಾಂ ಎಂದು ಬರೆದಿದ್ದರೆ ಪೂರ್ಣ ಸಾಮರ್ಥ್ಯದಲ್ಲಿ 9 ಗಂಟೆ ನಡೆಯಬೇಕು. ಶೇಕಡ 50ಕ್ಕೆ ಇಟ್ಟಿದ್ದರೆ 18 ಗಂಟೆ. ಪಂಪು ನಡೆಯದೆ ಸೆಲ್ ನಡೆಯುವುದಿಲ್ಲ. ಕರೆಂಟ್ ಬಿಲ್ ಉಳಿಸಲೆಂದು ದಿನಕ್ಕೆ 5 ಗಂಟೆ ಮಾತ್ರ ಪಂಪು ಓಡಿಸುವಲ್ಲಿ, ಅದರ ಮೇಲೆ ಗಾಳಿಮಳೆಗೆ ಮರ ಬಿದ್ದು ಎರಡು ದಿನ ಲೈನೇ ಇಲ್ಲದಲ್ಲಿ, ಯಂತ್ರ ಕೆಟ್ಟಿಲ್ಲ; ಅದಕ್ಕೆ ಸಮಯ ಸಿಕ್ಕಿಲ್ಲ. ದೀಪ ಹೇಳುವುದು 'ನಾನು ಕೆಲಸ ಮಾಡುತ್ತಿದ್ದೇನೆ' ಎಂದಷ್ಟೆ. 'ಕೆಲಸ ಸಾಕಷ್ಟಾಗಿದೆ' ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ದೊಡ್ಡ ಗುಂಪು ಬಂದು ಹೋದ ಶನಿವಾರ-ಭಾನುವಾರಗಳ ನಂತರವಂತೂ ಯಂತ್ರವೊಂದನ್ನೇ ನಂಬದೆ ದ್ರವರೂಪದ ಹೈಪೋಕ್ಲೋರೈಟನ್ನು ಕೈಯಾರೆ ಸೇರಿಸಬೇಕಾಗುತ್ತದೆ. ಇದರಲ್ಲಿ ಯಂತ್ರಕ್ಕೆ ಅವಮಾನವೇನೂ ಇಲ್ಲ. ಇನ್ನು ಸೆಲ್ಲಿಗೂ ಆಯುಷ್ಯವಿದೆ. ದಿನಕ್ಕೆ 8 ಗಂಟೆಯಂತೆ 10 ಸಾವಿರ ಗಂಟೆಯೆಂದರೆ ಮೂರೂವರೆ ವರ್ಷಕ್ಕೆ ಸ್ವಲ್ಪ ಕಡಿಮೆ. ಉಪ್ಪು ಸರಿಯಿದ್ದು, ಫಲಕ ಸ್ವಚ್ಛವಿದ್ದು, ನೀರು ಬೆಚ್ಚಗಿದ್ದೂ ಪ್ರವಾಹ ಬರದಿದ್ದರೆ ಹೊಸ ಸೆಲ್ಲಿಗೆ ಹಣ ತೆಗೆದಿಡಬೇಕಾದ ಕಾಲ ಬಂದಿತೆಂದು ತಿಳಿಯಿರಿ.

ಕ್ಲೋರಿನ್ ಇದ್ದರೂ ಅದು ದುರ್ಬಲವಾಗಿರುವುದುಂಟು. ಉಪ್ಪುನೀರಿನ ಕೊಳದಲ್ಲಿ ಪಿಎಚ್ ಸದಾ ಮೇಲಕ್ಕೇರುತ್ತಿರುತ್ತದೆ. ಹೈಡ್ರೋಜನ್ ಗುಳ್ಳೆಗಳು ನೀರನ್ನು ಕಲಕಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೊರದೂಡುವುದು ಇದಕ್ಕೆ ಮುಖ್ಯ ಕಾರಣ. ಪಿಎಚ್ 7.2 ಇದ್ದಾಗ ಕ್ಲೋರಿನ್ನಿನ ಮೂರರಲ್ಲಿ ಎರಡು ಪಾಲು ರೋಗಾಣುಗಳನ್ನು ಚುರುಕಾಗಿ ಕೊಲ್ಲುವ ಹೈಪೋಕ್ಲೋರಸ್ ಆಮ್ಲದ ರೂಪದಲ್ಲಿರುತ್ತದೆ. 8.0ಕ್ಕೆ ಏರಿದರೆ ನಾಲ್ಕರಲ್ಲಿ ಒಂದು ಪಾಲಷ್ಟೇ. ಆದ್ದರಿಂದ 7.2ರಿಂದ 7.6ರ ನಡುವೆ ಹಿಡಿದಿಡಬೇಕು. ಬಿಸಿಲು ಕ್ಲೋರಿನ್ನನ್ನು ಕೆಲವೇ ಗಂಟೆಗಳಲ್ಲಿ ನಾಶಮಾಡುವುದರಿಂದ ತೆರೆದ ಕೊಳಕ್ಕೆ ಸಯನ್ಯೂರಿಕ್ ಆಮ್ಲವೆಂಬ ರಕ್ಷಕವನ್ನು ಲೀಟರಿಗೆ 30ರಿಂದ 50 ಮಿಲಿಗ್ರಾಂನಷ್ಟು ಸೇರಿಸುತ್ತಾರೆ. ಅದು ವಿಪರೀತವಾದರೆ ಕ್ಲೋರಿನ್ನನ್ನೇ ಕಟ್ಟಿಹಾಕುತ್ತದೆ. ಅಂಗಡಿಯ ಕ್ಲೋರಿನ್ ಮಾತ್ರೆಗಳಲ್ಲಿ ಬಹುತೇಕವು ಇದನ್ನೂ ಜೊತೆಯಲ್ಲೇ ಸೇರಿಸುತ್ತವೆಂಬುದನ್ನು ಗಮನಿಸಬೇಕು. ಮತ್ತೊಂದು ತಪ್ಪು ತಿಳಿವಳಿಕೆ: ಮೂಗಿಗೆ ಘಾಟು ಹೊಡೆದರೆ, ಕಣ್ಣು ಉರಿದರೆ ಕ್ಲೋರಿನ್ ಹೆಚ್ಚಾಗಿದೆಯೆಂದು ಎಲ್ಲರೂ ಹೇಳುತ್ತಾರೆ. ಬಹಳ ಸಲ ನಿಜ ಸಂಗತಿ ಇದಕ್ಕೆ ವಿರುದ್ಧ. ಬೆವರು, ಮೂತ್ರಗಳೊಡನೆ ಕ್ಲೋರಿನ್ ಕೂಡಿ ಆಗುವ ಕ್ಲೋರಮೈನುಗಳ ವಾಸನೆ ಅದು. ಕೊಳಕ್ಕಿಳಿಯುವ ಮುನ್ನ ಸ್ನಾನ ಮಾಡಿ ಎಂದು ಬರೆದಿಟ್ಟ ಫಲಕವನ್ನು ಓದುವ ಅತಿಥಿಗಳು ಎಷ್ಟು ಮಂದಿ ಎಂದು ನೀವೇ ನೋಡಿದ್ದೀರಿ.

ಇನ್ನು ಮಳೆಗಾಲ. ಯಂತ್ರದೊಡನೆ ಬರುವ ಕೈಪಿಡಿಯನ್ನು ಬರೆದವರು ಜೋಯಿಡಾದ ಜುಲೈ ತಿಂಗಳನ್ನು ಕಂಡಿರಲಿಕ್ಕಿಲ್ಲ. ತುಂಬಿದ ಕೊಳದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ, ಮೊದಲು ಹೇಳಿದ ಅಳತೆಯ ಕೊಳದಿಂದ 5 ಸಾವಿರ ಲೀಟರ್ ನೀರು ಹೊರಚೆಲ್ಲುತ್ತದೆ. ಅದರೊಡನೆ ಸುಮಾರು 20 ಕಿಲೋ ಉಪ್ಪು. ತೆರೆದ ಕೊಳದ ಮೇಲೆ ಒಂದು ಮಳೆಗಾಲದಲ್ಲಿ 2,000 ಮಿಲಿಮೀಟರ್ ಬಿದ್ದಿತೆಂದರೆ, ನೀರು ಚೆನ್ನಾಗಿ ಬೆರೆಯುತ್ತಿದ್ದ ಪಕ್ಷದಲ್ಲಿ, ಐದರಲ್ಲಿ ನಾಲ್ಕು ಪಾಲು ಉಪ್ಪು ಹೋಗಿರುತ್ತದೆ. 240 ಕಿಲೋದಲ್ಲಿ 190 ಕಿಲೋ! ನಡುನಡುವೆ ಉಪ್ಪು ಸುರಿಯುತ್ತ ಹೋದರೆ ಅದೂ ಹಳ್ಳ ಸೇರುತ್ತದೆ. ಅತಿಥಿಗಳು ಕಡಿಮೆಯಿರುವ ಆ ತಿಂಗಳುಗಳಲ್ಲಿ ಕೊಳವನ್ನು ಹೊದಿಕೆಯಿಂದ ಮುಚ್ಚಿ, ಸೆಲ್ ಬಿಚ್ಚಿ ಒಣಗಿಸಿಟ್ಟು, ನೀರನ್ನು ಮೂರು-ನಾಲ್ಕು ದಿನಕ್ಕೊಮ್ಮೆ ಕೈಯಾರೆ ಹೈಪೋಕ್ಲೋರೈಟ್ ಹಾಕಿ ಕಾಪಾಡುವುದು ಖರ್ಚಿನ ದೃಷ್ಟಿಯಿಂದಲೂ ಲೇಸು.

ಮಳೆಗಾಲದ ತುಂಬು ಹಳ್ಳದಲ್ಲಿ ಆ ಉಪ್ಪು ತೆಳುವಾಗಿ ಹೋಗಬಹುದು. ನನ್ನ ಚಿಂತೆ ಬೇಸಿಗೆಯದು. ಫಿಲ್ಟರನ್ನು ಹಿಮ್ಮುಖವಾಗಿ ತೊಳೆದ ನೀರು, ಕೊಳ ಖಾಲಿ ಮಾಡಿದ ನೀರು ಎಲ್ಲಿಗೆ ಹೋಗುತ್ತದೆ? ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಕರಗಿದ ಲವಣಗಳು ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಲ್ಲಿ 2,000ದ ವರೆಗೆ ಒಪ್ಪಬಹುದು. ಕೊಳದ ನೀರಿನಲ್ಲಿರುವುದು 4,000. ಫೆಬ್ರುವರಿ-ಮಾರ್ಚಿನಲ್ಲಿ ಬೆರಳಗಲ ಹರಿಯುವ ಹಳ್ಳಕ್ಕೆ ಇದನ್ನು ಬಿಟ್ಟರೆ ಕೆಳಗಿನ ಅಡಿಕೆ ತೋಟದವನ ಗತಿಯೇನು? ಅವನ ಬಾವಿಯ ಗತಿಯೇನು? ಕಾಳಿ ಹುಟ್ಟುವುದೇ ಜೋಯಿಡಾ ತಾಲೂಕಿನಲ್ಲಿ. ನದಿಯ ಹೆಸರಿನಲ್ಲಿ ಹುಲಿ ಸಂರಕ್ಷಿತ ಪ್ರದೇಶವಿದೆ, ನದಿಯ ಹೆಸರು ಹೇಳಿ ಪ್ರವಾಸಿಗರನ್ನು ಕರೆಯುತ್ತೇವೆ. ಅದಕ್ಕೆ ಸೇರುವ ಹಳ್ಳಕ್ಕೆ ಕ್ಲೋರಿನ್ ಸಹಿತವಾದ ಉಪ್ಪುನೀರನ್ನು ರಾತ್ರಿ ಸದ್ದಿಲ್ಲದೆ ಬಿಡುವುದು ಯಾವ ನ್ಯಾಯ? ಖಾಲಿ ಮಾಡಲೇಬೇಕಾದರೆ ಯಂತ್ರ ನಿಲ್ಲಿಸಿ ಕೆಲವು ದಿನ ಬಿಸಿಲಿಗೆ ಬಿಟ್ಟು, ಕ್ಲೋರಿನ್ ಸೊನ್ನೆಗೆ ಬಂದುದನ್ನು ಪರೀಕ್ಷಿಸಿ, ಬಾವಿ-ತೋಟ-ಹಳ್ಳಗಳಿಂದ ದೂರವಾಗಿ, ಸಾಧ್ಯವಾದಷ್ಟೂ ತುಂಬು ಮಳೆಗಾಲದಲ್ಲಿ ಬಿಡಬೇಕು. ಕೊಳ ಕಟ್ಟುವ ಮೊದಲೇ ಈ ಪ್ರಶ್ನೆಗೆ ಉತ್ತರವಿರಬೇಕು. ಉತ್ತರವಿಲ್ಲದ ಜಾಗದಲ್ಲಿ ಉಪ್ಪುನೀರಿನ ಕೊಳ ಬೇಡವೆಂದೇ ನನ್ನ ಸ್ಪಷ್ಟ ಮತ. ಸಾಮಾನ್ಯ ಕ್ಲೋರಿನ್ ಕೊಳವೇ ಸಾಕು.

'ಇಷ್ಟೆಲ್ಲ ಯಾರು ಮಾಡುತ್ತಾರೆ, ನೀರು ತಿಳಿಯಾಗಿ ಕಂಡರೆ ಆಯಿತಲ್ಲ' ಎಂದು ಪರಿಚಿತ ಮಾಲೀಕರೊಬ್ಬರು ಕೇಳಿದರು. ಅವರೇನೂ ಕೆಟ್ಟವರಲ್ಲ. ಸಾಲ ಮಾಡಿ ಕಟ್ಟಿದ್ದಾರೆ, ಋತುವಿಗೆ ನಾಲ್ಕು ತಿಂಗಳ ವ್ಯಾಪಾರ. ಆದರೆ ತಿಳಿಯಾಗಿ ಕಾಣುವುದಕ್ಕೂ ಸುರಕ್ಷಿತವಾಗಿರುವುದಕ್ಕೂ ವ್ಯತ್ಯಾಸವಿದೆ. 2024 ಮತ್ತು 2025ರಲ್ಲಿ ನೆರೆಯ ಕೇರಳದಲ್ಲಿ ಅಮೀಬಾದಿಂದ ಬರುವ ಮೆದುಳುಜ್ವರಕ್ಕೆ ಮಕ್ಕಳೂ ದೊಡ್ಡವರೂ ತುತ್ತಾದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಬೆಚ್ಚಗಿನ ಸಿಹಿನೀರಿನಲ್ಲಿರುವ ಆ ಜೀವಿ ಮೂಗಿನ ಮೂಲಕ ಮೆದುಳನ್ನು ಸೇರುತ್ತದೆ, ಬದುಕುವವರು ವಿರಳ. ಅಲ್ಲಿಯ ಸರಕಾರ ಬಾವಿ, ಟ್ಯಾಂಕು, ಈಜುಕೊಳಗಳಿಗೆ ಕ್ಲೋರಿನ್ ಹಾಕಲು ಸೂಚನೆ ನೀಡಬೇಕಾಯಿತು. ಕೊಳದಲ್ಲಿ ನಾವು ಹಾಕುವ ಅಲ್ಪ ಉಪ್ಪೇ ರಕ್ಷಣೆಯೆಂದು ಭಾವಿಸಲಾಗದು. ರಕ್ಷಣೆ ಇರುವುದು ಅಳೆದು ನೋಡಿದ ಕ್ಲೋರಿನ್ನಿನಲ್ಲಿ, ಸರಿಯಾದ ಪಿಎಚ್‌ನಲ್ಲಿ, ಸ್ವಚ್ಛ ಫಿಲ್ಟರಿನಲ್ಲಿ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಕ್ಲೋರಿನ್ ಇದ್ದ ದಿನ, ಆಳದ ಕಡೆಯ ತಳ ಕಣ್ಣಿಗೆ ಕಾಣದ ದಿನ, ಹತ್ತೊಂಬತ್ತು ವರ್ಷದ ಹುಡುಗನೊಬ್ಬ 'ಇವತ್ತು ಕೊಳ ಬಂದ್' ಎಂದರೆ, ಬೆಂಗಳೂರಿನಿಂದಲೋ ಗೋವಾದಿಂದಲೋ ಹಣ ಕೊಟ್ಟು ಬಂದ ಅತಿಥಿ ಕೂಗಾಡಿದರೂ ಮಾಲೀಕರು ಆ ಹುಡುಗನ ಬೆನ್ನಿಗೆ ನಿಲ್ಲಬೇಕು ಎಂಬುದಕ್ಕಾಗಿ ಬರೆಯುತ್ತಿದ್ದೇನೆ.

ಕೊಳ ನೋಡಿಕೊಳ್ಳುವ ನನ್ನ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿದ್ದೇನೆ. ನೂರು ಪುಟದ ನೋಟುಬುಕ್ಕಿನಲ್ಲಿ ದಿನಾಂಕ, ಬೆಳಿಗ್ಗೆ ಮತ್ತು ಸಂಜೆಯ ಕ್ಲೋರಿನ್, ಪಿಎಚ್, ನೀರಿನ ಉಷ್ಣತೆ, ಪಂಪು ನಡೆದ ಗಂಟೆ, ವಾರಕ್ಕೊಮ್ಮೆ ಉಪ್ಪು, ಸೆಲ್ ತೊಳೆದ ದಿನ ಇವಿಷ್ಟನ್ನು ಗೆರೆ ಎಳೆದು ಬರೆಯಿರಿ ಎಂದಿದ್ದೇನೆ. ಇಬ್ಬರು ಆಗಲೇ ಎರಡು ತಿಂಗಳಿಂದ ಬರೆಯುತ್ತಿದ್ದಾರೆ. ಅಕ್ಷರ ಶಾಲೆಯಲ್ಲಿದ್ದಾಗಿನಷ್ಟೇ ಕೆಟ್ಟದಾಗಿದೆ, ಅಂಕಿಗಳು ಮಾತ್ರ ಸ್ಪಷ್ಟ. ನಿಮ್ಮಲ್ಲಿಯೂ ಯಾರಿಗಾದರೂ ಉಪ್ಪಿನ ಮತ್ತು ಗಂಟೆಗಳ ಲೆಕ್ಕ ಬೇಕಿದ್ದರೆ ಕೊಳದ ಉದ್ದ, ಅಗಲ, ಸರಾಸರಿ ಆಳವನ್ನು ಮೀಟರಿನಲ್ಲಿ, ಸೆಲ್ಲಿನ ಮೇಲೆ ಬರೆದ ಗಂಟೆಯ ಗ್ರಾಂ ಸಂಖ್ಯೆಯೊಡನೆ ಬರೆದು ಕಳಿಸಿ. ಆಳವನ್ನು ಎರಡೂ ತುದಿಯಲ್ಲಿ ಅಳೆಯಿರಿ, ಅಂದಾಜಿನ ಮೇಲೆ ಬೇಡ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಫೋನ್ ಮಾಡಬೇಡಿ, ಆಗ ಮಲಗಿರುತ್ತೇನೆ.